ಗುಬ್ಬಿಗೆ ನಾಲಿಗೆ ಬಂತು

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಚಿಕ್ಕಮ್ಮಾ,

ಕೂತಿದ್ದರೆ ಎದ್ದು ನಿಂತು ಓದು. ನಿನ್ನ ಅಕ್ಕನ ಮಗ, ನನ್ನ ತಮ್ಮ ಗುಬ್ಬಿ, ‘ರ’ ಅಂದ!

ಮೊದಲಿನಿಂದ ಹೇಳುತ್ತೇನೆ. ಅವನ ಬಾಯಲ್ಲಿ ‘ಮರ’ ಹೋಗಿ ‘ಮಯ’, ‘ನೀರು’ ಹೋಗಿ ‘ನೀಯು’ ಆಗುತ್ತಿದ್ದದ್ದು ನಿನಗೆ ಗೊತ್ತೇ ಇದೆ. ಪೂರ್ತಿ ಅರ್ಥವಾಗುತ್ತಿದ್ದದ್ದು ನನಗೊಬ್ಬಳಿಗೇ. ಅಂಗಡಿಯಲ್ಲಿ, ಕ್ಷೌರದ ಕುರ್ಚಿಯಲ್ಲಿ, ನೆಂಟರ ಮುಂದೆ, ಅವನು ಬಾಯಿ ಬಿಟ್ಟ ಕೂಡಲೇ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನನಗೂ ಸ್ವಲ್ಪ ಜಂಬ ಇತ್ತು ಅನ್ನು. ‘ಬೆಳೀತಾ ಸರಿಹೋಗುತ್ತೆ ಬಿಡ್ರೇ’ ಅನ್ನುತ್ತಿದ್ದರು ಅಜ್ಜಿ.

ನಮ್ಮ ಶಾಲೆಯಲ್ಲೇ ಒಂದನೇ ಕ್ಲಾಸಿಗೆ ಸೇರಿದ ಮೇಲೆ ಆ ಜಂಬ ಇಳಿಯಿತು. ಟೀಚರ್ ಚಿತ್ರ ತೋರಿಸಿ ಕೇಳಿದರಂತೆ, ಇವನು ‘ಮಯ’ ಅಂದನಂತೆ, ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. ಅವತ್ತಿನಿಂದ ಶಾಲೆಯಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಬರುಬರುತ್ತಾ ಮನೆಯಲ್ಲೂ ಬೆರಳು ಮಾಡಿ ತೋರಿಸುವುದು, ಯಾರಿಗೂ ತಿಳಿಯದಿದ್ದರೆ ಸುಮ್ಮನಾಗುವುದು. ಅಮ್ಮ ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಹುಳುಕು ಹಲ್ಲು ತೋರಿಸಲು ಹೋದಾಗ ಗುಟ್ಟು ತಿಳಿಯಿತು. ಹಲ್ಲಿನ ಡಾಕ್ಟರು, ‘ನಾಲಿಗೇಲಿ ಮೇಲಿನ ತುಟಿ ಮುಟ್ಟು ನೋಡೋಣ, ರಾಜಾ’ ಅಂದರು. ಅದು ಹಲ್ಲು ದಾಟಿ ಬರಲೇ ಇಲ್ಲ. ನಾಲಿಗೆಯ ಅಡಿಯ ಪೊರೆ ಗಿಡ್ಡ, ತುದಿಯನ್ನು ಕೆಳಗೇ ಹಿಡಿದುಕೊಂಡಿದೆ ಎಂದು ಕನ್ನಡಿ ಹಿಡಿದು ತೋರಿಸಿದರು. ಎಲ್ಲ ಮಕ್ಕಳಿಗೂ ಇದನ್ನು ಕತ್ತರಿಸಬೇಕಾಗಿಲ್ಲ, ಇವನಿಗೆ ಬಿಡಿಸಿದರೆ ಒಳ್ಳೆಯದು, ಆಮೇಲೆ ಮಾತಿನ ಅಭ್ಯಾಸವೂ ಬೇಕು ಅಂದರು. ಕತ್ತರಿ ಅಂದದ್ದೇ ಅಪ್ಪನಿಗೆ ಬೆವರಿಳಿಯಿತು.

ಮರಗಟ್ಟುವ ಮದ್ದು ಹಾಕಿ, ನಾವು ಗಾಬರಿಪಡುವಷ್ಟರಲ್ಲಿ ಕೆಲಸ ಮುಗಿದಿತ್ತು. ಒಂದಿಷ್ಟು ರಕ್ತ, ಒಂದಿಷ್ಟು ಅಳು. ಗಾಯ ಮಾಗಿದ ಮೇಲೆ ಐಸ್‌ಕ್ರೀಮು. ಅದನ್ನು ನೆಕ್ಕಿದ, ಚಿಕ್ಕಮ್ಮ! ಅಲ್ಲಿಯವರೆಗೂ ಕಚ್ಚಿಯೇ ತಿನ್ನುತ್ತಿದ್ದವನು.

ಮನೆಯಲ್ಲಿ ದಿನಾ ನಾಲಿಗೆಯ ವ್ಯಾಯಾಮ. ಮೇಲಿನ ತುಟಿಗೆ ಜೇನು ಸವರಿ ನೆಕ್ಕಿಸಬೇಕು. ಒಬ್ಬನೇ ಮಾಡಲ್ಲ ಅಂತ ಹಟ. ಸರಿ, ಅಪ್ಪ, ಅಮ್ಮ, ಅಜ್ಜಿ, ನಾನು, ಎಲ್ಲರೂ ಜೇನುಮೀಸೆ ಹಚ್ಚಿಕೊಂಡು ಮೇಜಿನ ಸುತ್ತ ಕೂತೆವು. ನಾಲಿಗೆ ಚಾಚುವ ಭರದಲ್ಲಿ ಅಜ್ಜಿಯ ಹಲ್ಲಿನ ಸೆಟ್ಟು ತಟ್ಟೆಗೆ ಬಿತ್ತು. ಗುಬ್ಬಿ ನಕ್ಕ ನಗು ಬೀದಿಗೆ ಕೇಳಿಸಿರಬೇಕು.

ಮಾತು ಕಲಿಸುವ ಟೀಚರ ಹತ್ತಿರ ವಾರಗಟ್ಟಲೆ ಹೋದರೂ ‘ಯ’ ಜಾಗ ಬಿಟ್ಟುಕೊಡಲಿಲ್ಲ. ನಾನಂತೂ ಒಳಗೊಳಗೇ ಆಸೆ ಬಿಟ್ಟಿದ್ದೆ. ಇವತ್ತು ಬೆಳಿಗ್ಗೆ ಬಚ್ಚಲಿನಿಂದ ಕೂಗಿದ: ‘ಅಕ್ಕಾ, ನೀರು ಬರ್ತಿದೆ!’

ಎಲ್ಲರೂ ಎದ್ದೆವೋ ಬಿದ್ದೆವೋ ಅಂತ ಓಡಿದೆವು. ಇನ್ನೊಂದು ಸಲ ಹೇಳು ಅಂದಳು ಅಮ್ಮ. ‘ನೀರು!’ ನನಗೋಸ್ಕರ ಒಂದು ಸಲ ಅಂದರು ಅಜ್ಜಿ. ‘ನೀರು!’ ಅಪ್ಪ ಅವನನ್ನು ಎತ್ತಿ ತಲೆಯ ಮೇಲೆ ತಿರುಗಿಸಿದರು. ಬಕೆಟ್ಟು ತುಂಬಿ, ಬಚ್ಚಲು ತುಂಬಿ, ಹಜಾರಕ್ಕೆ ಹರಿದು ಬಂದರೂ ನಲ್ಲಿ ನಿಲ್ಲಿಸುವವರಿಲ್ಲ. ಕೊನೆಗೆ ಅವನೇ ಮೇಲಿನಿಂದ ಗದರಿದ: ‘ಯಾರಾದ್ರೂ ನಲ್ಲಿ ತಿರುಗಿಸ್ರೋ!’

ನೆಲ ಒರೆಸಿ ಮುಗಿಸಿ ಈಗ ನಿನಗೆ ಬರೆಯುತ್ತಿದ್ದೇನೆ. ಬೇಗ ಬಾ, ಅವನ ಬಾಯಿಂದಲೇ ಕೇಳು.

ಗುಬ್ಬಿಯ ದುಭಾಷಿ ಕೆಲಸ ಕಳೆದುಕೊಂಡು ಖುಷಿಯಾಗಿರುವ,
ನಿನ್ನ ಮಗಳಂತೆಯೇ ಇರುವ ನಾನು

ತಾ.ಕ.: ಸೋಮವಾರ ಸಂಜೆ. ಪತ್ರ ಅಂಚೆಗೆ ಹಾಕುವ ಮುಂಚೆಯೇ ಗುಬ್ಬಿ ನನ್ನ ಮೇಲೆ ಅಮ್ಮನಿಗೆ ಚಾಡಿ ಹೇಳಿದ: ‘ಅಮ್ಮಾ, ಅಕ್ಕ ದಿನಾ ನಮ್ಮ ಕ್ಲಾಸ್ ಕಿಟಕಿ ಹತ್ರ ಬಂದು ಇಣುಕ್ತಾಳೆ. ನಂಗೆ ನಾಚಿಕೆ ಆಗುತ್ತೆ, ಬರಬೇಡ ಅನ್ನು.’ ಒಂದೆರಡು ‘ರ’ ಜಾರಿದವು, ಆದರೆ ಚಾಡಿ ಪೂರ್ತಿ ಅರ್ಥವಾಯಿತು. ಇನ್ನು ಹೋಗುವುದಿಲ್ಲ, ಚಿಕ್ಕಮ್ಮ. ನಾಳೆ ಒಂದು ದಿನ ಹೋಗಿ ನೋಡಿಬಂದು, ಆಮೇಲೆ ಖಂಡಿತ ಹೋಗುವುದಿಲ್ಲ.