ಮರಗಳಿರುವ ಇಳಿಜಾರು

ಇನ್ಸ್‌ಬ್ರುಕ್
ಜನವರಿ ೯

ತಮ್ಮ ಕಾಸ್ಪರ್,

ನಿನ್ನ ಭಾವ ಆಂಬ್ರೋಸ್‌ರನ್ನು ಸ್ಕೀಯಿಂಗಿಗೆ ಕರೆದೊಯ್ಯುತ್ತೇನೆ ಅಂದೆಯಲ್ಲ, ಸಂತೋಷ. ಆದರೆ ನೀನು ಆರಿಸಿದ ಆ ಎತ್ತರದ ಬೆಟ್ಟ ಬೇಡವೇ ಬೇಡ. ಅಲ್ಲಿ ಒಂದೂ ಮರವಿಲ್ಲ. ಮೋಡ ಕವಿದರೆ ನೆಲವೂ ಬಿಳಿ, ಆಕಾಶವೂ ಬಿಳಿ. ಮುದಿಗಣ್ಣಿಗೆ ಉಬ್ಬು ಯಾವುದು, ತಗ್ಗು ಯಾವುದು ತಿಳಿಯುವುದಿಲ್ಲ. ನಮ್ಮ ಹಳೆಯ ಗುಡ್ಡಕ್ಕೇ ಹೋಗಿ. ಇಳಿಜಾರು ಅಗಲವಾಗಿದೆ, ಎರಡೂ ಬದಿಗೆ ಮರಗಳಿವೆ. ಗಟ್ಟಿಯಾದ ಹಿಮ ಬಿಸಿಲಿಗೆ ಮೆತ್ತಗಾದ ಮೇಲೆ ಹೊರಡಿ. "ಇದು ಮಕ್ಕಳಾಡೋ ಗುಡ್ಡ ಕಣೋ" ಅಂತ ರೇಗುತ್ತಾರೆ. ರೇಗಲಿ ಬಿಡು.

"ನನ್ನ ಕಣ್ಣಿಗೇನಾಗಿದೆ ಕಣೇ, ಹದ್ದಿನ ಕಣ್ಣು!" ಅನ್ನುತ್ತಾರೆ. ನಿಜ ಹೇಳಲಾ? ಕೆಲವು ಚಳಿಗಾಲಗಳಿಂದ ಅವರು ಬೆಟ್ಟವನ್ನು ನೋಡಿಕೊಂಡು ಇಳಿದಿಲ್ಲ, ಮುಂದೆ ಹೋಗುವ ನನ್ನ ಕೆಂಪು ಜಾಕೆಟನ್ನು ನೋಡಿಕೊಂಡು ಇಳಿದಿದ್ದಾರೆ. ನಾನು ತಿರುಗಿದಲ್ಲಿ ತಿರುಗುತ್ತಾರೆ. ನನಗದು ಗೊತ್ತೆಂದು ಅವರಿಗೆ ಗೊತ್ತಿಲ್ಲ.

ಈ ಸಲ ನನ್ನ ಕೈಲಾಗದು. ನನಗೆ ಮಂಡಿನೋವು ಅಂತ ಅವರಿಗೆ ಹೇಳಿದ್ದೇನೆ. ನನ್ನ ಕಾಯಿಲೆಗೆ ಡಾಕ್ಟರು ಕೈಚೆಲ್ಲಿದ ಸುದ್ದಿ ನಿನ್ನಲ್ಲೇ ಇರಲಿ.

ಜಾಕೆಟ್ ಇದರ ಜೊತೆಗಿದೆ. ತೋಳು ಗಿಡ್ಡವಾದರೂ ಹಾಕಿಕೋ. "ಏನೋ, ಅಕ್ಕನ ಬಟ್ಟೆ ಹಾಕ್ಕೊಂಡು ಬಂದಿದ್ದೀಯ?" ಅಂತ ನಕ್ಕರೆ, ನಿನ್ನದು ಹರಿದಿದೆ ಅನ್ನು. ಇಳಿಯುವಾಗ ಹಿಂದೆ ತಿರುಗಿ ನೋಡಬೇಡ, ಅವರಿಗೆ ಅನುಮಾನ ಬರುತ್ತದೆ. ಹಿಮದ ಮೇಲೆ ಅವರ ಸ್ಕೀ ಉಜ್ಜುವ ಸದ್ದಿಗೆ ಕಿವಿಗೊಟ್ಟಿರು. ಅದು ನಿಂತರೆ ನೀನೂ ನಿಲ್ಲು.

ಮುಂದಿನ ವರ್ಷ ಯಾವ ಬೆಟ್ಟಕ್ಕೆ ಹೋಗೋಣ ಅಂತ ನಿನ್ನೆ ಕೇಳಿದರು. ನೀವೇ ಆರಿಸಿ ಅಂದೆ.

ಜಾಕೆಟ್ ವಾಪಸು ತರುವುದು ಬೇಡ.

ನಿನ್ನ ಅಕ್ಕ,
ಬುರ್ಗಿ