ಗೋಡೆಯ ಮೇಲಿನ ಮೂವತ್ತೆರಡು ಅಂಕಿಗಳು

ಗಜೇಂದ್ರಗಡ, ಪಿಂಜಾರ ಓಣಿ
ಕ್ರಿ.ಶ. ೨೧೬೩ನೆಯ ಇಸವಿ, ಡಿಸೆಂಬರ್ ೧೨, ಸೋಮವಾರ ಬೆಳಿಗ್ಗೆ
ರಂಜಾನ್ ತಿಂಗಳ ಹದಿನೆಂಟನೆಯ ದಿನ

ನನಗಿಂತ ನೂರಾಮೂವತ್ತೆಂಟು ವರ್ಷ ಹಿಂದಿರುವ ಹಿರಿಯರಿಗೆ ರಮಿಜಾ ನದಾಫಳ ಸಲಾಮು.

ಮೇಲಿನ ತಾರೀಖನ್ನು ನೀವು ನಂಬುವುದಿಲ್ಲ. ಈ ಪತ್ರ ನಿಮ್ಮನ್ನು ಹೇಗೆ ಮುಟ್ಟುತ್ತದೆ ಎಂದು ಕೇಳಿದರೆ ನನಗೂ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇವತ್ತು ಹನ್ನೊಂದು ಗಂಟೆಗೆ ನಾನು ಪುರಸಭೆಯಲ್ಲಿ ಒಂದು ಮಾತು ಹೇಳಬೇಕಾಗಿದೆ. ಅಲ್ಲಿಯವರೆಗೆ ಕೈ ಸುಮ್ಮನಿರುತ್ತಿಲ್ಲ. ನಾನು ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವಳು. ಪದಗಳು ಒರಟಾಗಿದ್ದರೆ ಅದು ನನ್ನ ತಪ್ಪು, ವಿಚಿತ್ರವಾಗಿದ್ದರೆ ನಡುವೆ ಕಳೆದುಹೋದ ವರ್ಷಗಳ ತಪ್ಪು. ಎರಡನ್ನೂ ಕ್ಷಮಿಸಿ.

ಕೆಲವು ಪದಗಳನ್ನು ಮೊದಲೇ ಹೇಳಿಬಿಡುತ್ತೇನೆ. ನೀವು ಫೋನು ಎನ್ನುತ್ತಿದ್ದುದು ನಮ್ಮಲ್ಲಿ ಅಂಗೈಹಲಗೆ. ನಿಮ್ಮ ಆ್ಯಪ್‌ಗಳಿಗೆ ನಾವು ಗೆಯ್ಮೆ ಎನ್ನುತ್ತೇವೆ, ಅದು ನಮಗಾಗಿ ಗೇಯುತ್ತದೆ ಎಂದು. ಗೆಯ್ಮೆಗಳೆಲ್ಲ ಸಿಗುವ ಅಂಗಡಿ ಒಂದೇ, ಅದರ ಹೆಸರು ಹೆಬ್ಬಾಗಿಲು. ಯಂತ್ರ ಯಾರೇ ಮಾಡಿರಲಿ, ಹೆಬ್ಬಾಗಿಲಿನಿಂದ ಬಾರದ ಗೆಯ್ಮೆಯನ್ನು ಅದು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಲಗೆ ಮಾತ್ರವಲ್ಲ, ನಲ್ಲಿಯ ಬೀಗ, ಹೊಲಿಗೆ ಯಂತ್ರ, ಕಿವುಡರ ಕಿವಿಯಂತ್ರ, ಬ್ರೆಡ್ಡಿನ ಒಲೆ ಎಲ್ಲವೂ ಹೀಗೆಯೇ. ಹೋದ ವರ್ಷ ನಮ್ಮ ಬೇಕರಿಯ ಒಲೆ ಒಂಬತ್ತು ದಿನ ಹೊತ್ತಲಿಲ್ಲ. ಅದರ ಗೆಯ್ಮೆ ಹೆಬ್ಬಾಗಿಲಿನಲ್ಲಿ ಮರುಪರೀಕ್ಷೆಗೆ ನಿಂತಿತ್ತಂತೆ. ಒಲೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತ ಬೇಕರಿಯವನು ಬಂದವರಿಗೆಲ್ಲ ಕೈಮುಗಿದು ಕಳಿಸುತ್ತಿದ್ದ. ಒಲೆ ಅವನದು, ಬೆಂಕಿ ಹೊತ್ತಿಸುವ ಅಪ್ಪಣೆ ಇನ್ನೊಬ್ಬರದು.

ನಮ್ಮ ಊರಿನಂಥ ಕೆಲವು ಊರುಗಳಲ್ಲಿ ಮಾತ್ರ ಒಂದು ಕಿಂಡಿ ಇದೆ. ನಮ್ಮ ಅಜ್ಜಿಯ ಕಾಲದವರು ಹೋರಾಡಿ ಪಡೆದದ್ದು. ಯಂತ್ರದ ಯಜಮಾನ ತಾನೇ ಒಪ್ಪಿ ಹೆಬ್ಬೆರಳು ಒತ್ತಿದರೆ, ಹೊರಗಿನ ಒಂದು ಗೆಯ್ಮೆಯನ್ನು ಆ ಯಂತ್ರಕ್ಕೆ ಹಾಕಬಹುದು. ಅಷ್ಟೇ.

ಪುರಸಭೆಯ ವಾಚನಾಲಯದಲ್ಲಿ ನಿಮ್ಮ ಕಾಲದ ಪತ್ರಿಕೆಗಳಿವೆ. ಫೋನು ಮಾಡುವವರು ತಮ್ಮ ಅಂಗಡಿಯ ಹೊರಗಿನ ಆ್ಯಪ್‌ಗಳನ್ನು ಬಿಡಬೇಕೇ ಬೇಡವೇ ಎಂದು ನೀವು ಜಗಳಾಡಿದ್ದನ್ನು ನಿನ್ನೆ ಮಧ್ಯಾಹ್ನದಿಂದ ಸಂಜೆಯವರೆಗೆ ಕೂತು ಓದಿದೆ. ಒಬ್ಬರು ಕಳ್ಳರು ಬರುತ್ತಾರೆ ಎಂದಿದ್ದರು. ಇನ್ನೊಬ್ಬರು ನಾನು ಕೊಂಡ ವಸ್ತು ನನ್ನದು ಎಂದಿದ್ದರು. ಇಬ್ಬರದೂ ನಿಜ, ಅದೇ ನನ್ನ ಸಂಕಟ. ಎರಡೂ ನನ್ನ ಮನೆಯ ಅಂಗಳದಲ್ಲೇ ನಡೆದಿವೆ.

ನನ್ನ ಅಕ್ಕ ದಾವಲಬಿಗೆ ಇಪ್ಪತ್ತಾರು ವರ್ಷ. ಗುಡ್ಡದ ಮೇಲಿನ ಗಾಳಿಕಂಬಗಳ ರೆಕ್ಕೆ ತೊಳೆದು, ಬಿರುಕು ಮುಚ್ಚುವ ಕೆಲಸ ಅವಳದು. ಹಗ್ಗ ಕಟ್ಟಿಕೊಂಡು ಆಕಾಶದಲ್ಲಿ ತೂಗುತ್ತ ಮಧ್ಯಾಹ್ನ ಕಳೆಯುತ್ತಾಳೆ. ಅವಳ ಮೈಯಲ್ಲಿ ಇನ್ಸುಲಿನ್ ಹುಟ್ಟುವುದಿಲ್ಲ, ಐದನೆಯ ವಯಸ್ಸಿನಿಂದ. ಸೊಂಟಕ್ಕೆ ಸಕ್ಕರೆಕಾವಲಿ ಕಟ್ಟಿಕೊಂಡಿರುತ್ತಾಳೆ. ಅದು ಎಲೆಯಡಿಕೆ ಡಬ್ಬಿಯಷ್ಟು ದೊಡ್ಡದು. ರಕ್ತದ ಸಕ್ಕರೆಯನ್ನು ತಾನೇ ಅಳೆದು, ಬೇಕಾದಷ್ಟು ಔಷಧಿಯನ್ನು ತಾನೇ ಬಿಡುತ್ತದೆ. ಒಳ್ಳೆಯ ಯಂತ್ರ. ಅದಿಲ್ಲದಿದ್ದರೆ ನನಗೆ ಅಕ್ಕ ಇರುತ್ತಿರಲಿಲ್ಲ.

ಆದರೆ ಹೆಬ್ಬಾಗಿಲಿನ ಗೆಯ್ಮೆಗೆ ಉಪವಾಸ ಎಂದರೇನು ಎಂದು ಗೊತ್ತಿಲ್ಲ. ಮನುಷ್ಯ ದಿನಕ್ಕೆ ಮೂರು ಸಲ ಉಣ್ಣುತ್ತಾನೆ ಎಂದು ಅದು ನಂಬಿದೆ. ಮೂರು ವರ್ಷದ ಹಿಂದೆ ರೋಜಾದ ದಿನ ಅಕ್ಕ ಕಂಬದ ಮೇಲಿದ್ದಳು. ಮಧ್ಯಾಹ್ನ ದಾಟಿದರೂ ಊಟ ಕಾಣದಿದ್ದಾಗ ಕಾವಲಿ ತನಗೇ ಏನೋ ಕೆಟ್ಟಿದೆ ಎಂದು ತಿಳಿದು ಔಷಧಿ ನಿಲ್ಲಿಸಿ ಬೀಗ ಹಾಕಿಕೊಂಡಿತು. ಸಂಜೆ ಕೆಳಗಿಳಿದವಳೇ ಬಿದ್ದಳು, ವಾಂತಿ, ಏದುಸಿರು. ಎರಡು ದಿನ ಆಸ್ಪತ್ರೆ. ನಾವು ಹೆಬ್ಬಾಗಿಲಿಗೆ ಬರೆದೆವು. ನಿಮ್ಮಂಥ ಬಳಕೆದಾರರು ಕಡಿಮೆ, ವಿಷಯ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು. ಈಗಲೂ ಪರಿಶೀಲನೆಯಲ್ಲೇ ಇದೆ. ರೋಜಾ ಬಿಡು ಎಂದು ಹೇಳುವವರು ನಿಮ್ಮಲ್ಲೂ ಇರಬಹುದು. ಅಕ್ಕನಿಗೆ ಅದನ್ನು ಹೇಳುವ ಧೈರ್ಯ ನಮ್ಮ ಡಾಕ್ಟರಿಗೂ ಇಲ್ಲ.

ಆಗ ನಮ್ಮ ಓಣಿಯ ಇಮಾಮಸಾಬ ಮಾಮಾ ಕೂತರು. ಗಾಳಿಕಂಬದ ನಿವೃತ್ತ ಮೆಕ್ಯಾನಿಕ್, ಎಪ್ಪತ್ತರ ಮೇಲಿನವರು. ಡಾಕ್ಟರನ್ನು ಪಕ್ಕಕ್ಕೆ ಕೂರಿಸಿಕೊಂಡು ಒಂದೂವರೆ ವರ್ಷ ಬರೆದು, ತಿದ್ದಿ, ರೋಜಾ ಗೆಯ್ಮೆ ಎಂಬುದನ್ನು ಮಾಡಿದರು. ಅದಕ್ಕೆ ನಸುಕಿನ ಊಟದ ಸೆಹರಿ ಗೊತ್ತು, ಸಂಜೆ ಉಪವಾಸ ಬಿಡುವ ಇಫ್ತಾರು ಗೊತ್ತು. ಶನಿವಾರದ ಒಪ್ಪೊತ್ತು, ಏಕಾದಶಿಯೂ ಗೊತ್ತು. ಕಿಂಡಿಯಿಂದ ಅದನ್ನು ಹಾಕಿಸಿಕೊಂಡವರು ಓಣಿಯಲ್ಲಿ ಹನ್ನೊಂದು ಜನ. ನಕಲು ಕೈಯಿಂದ ಕೈಗೆ ಹೋಗುವಾಗ ಯಾರಾದರೂ ಕೆಡಿಸಬಾರದಲ್ಲ, ಅದಕ್ಕೂ ಮಾಮಾ ಒಂದು ದಾರಿ ಇಟ್ಟಿದ್ದರು. ಪ್ರತಿ ಗೆಯ್ಮೆಗೂ ಮೂವತ್ತೆರಡು ಅಂಕಿಗಳ ಮುದ್ರೆ ಇರುತ್ತದೆ. ಒಳಗೆ ಒಂದು ಅಕ್ಷರ ಬದಲಾದರೂ ಅಂಕಿಗಳು ಬದಲಾಗುತ್ತವೆ. ಸರಿಯಾದ ಅಂಕಿಗಳನ್ನು ಮಾಮಾ ತಮ್ಮ ಮನೆಯ ಬೀದಿಗೋಡೆಯ ಮೇಲೆ, ಸುಣ್ಣದ ಮೇಲೆ ನೀಲಿ ಬಣ್ಣದಲ್ಲಿ ಗೇಣುದ್ದಕ್ಕೆ ಬರೆಸಿದ್ದಾರೆ. ಹಾಕುವ ಮೊದಲು ಗೋಡೆ ನೋಡಬೇಕು. ಈ ವರ್ಷ ಅವರ ಕಣ್ಣು ಮಂಜಾಗಿ ಹಾಕುವ ಕೆಲಸ ನನಗೆ ಬಂತು. ಆಗ ಅವರು ಹೇಳಿದ್ದು:

“ಸಾಲಿ ಬಿಟ್ಟಾಕಿ ಅಂತ ಮಂದಿ ಆಡಿಕೋತೈತಿ. ನೀ ಬಿಟ್ಟದ್ದು ಸಾಲಿ, ಅಂಕಿ ಅಲ್ಲ. ಮೂವತ್ತೆರಡೂ ಓದು. ಮೂವತ್ತೊಂದು ಓದಿ ಬಿಟ್ಟಿ ಅಂದ್ರ ಕಿವಿ ಹಿಂಡತೀನಿ ನೋಡು.”

ಇನ್ನು ನನ್ನ ತಪ್ಪು. ಇದನ್ನು ಬರೆಯಲು ಕೂತು ಎರಡು ಸಲ ಎದ್ದು ನೀರಿನ ಕೊಡದ ಹತ್ತಿರ ಹೋಗಿ, ರೋಜಾ ನೆನಪಾಗಿ ಹಿಂತಿರುಗಿದ್ದೇನೆ.

ರಂಜಾನಿನಲ್ಲಿ ನಮ್ಮ ಓಣಿಯ ಸಂಜೆ ತಟ್ಟೆಗಳ ಸಂಜೆ. ಮನೆಯಲ್ಲಿ ಏನು ಮಾಡಿದ್ದರೂ ಒಂದು ತಟ್ಟೆಯಲ್ಲಿಟ್ಟು, ಮೇಲೆ ಬಟ್ಟೆ ಮುಚ್ಚಿ ಪಕ್ಕದ ಮನೆಗೆ ಕಳಿಸುತ್ತಾರೆ. ಕೊಟ್ಟವರ ಎದುರಿಗೆ ಬಟ್ಟೆ ಎತ್ತಿ ನೋಡಬಾರದು. ನೋಡಿದರೆ ನಿಮ್ಮ ಕೈಯನ್ನು ನಂಬಲಿಲ್ಲ ಎಂದು ಹೇಳಿದ ಹಾಗೆ. ಗಂಗಮ್ಮನವರ ಮನೆಗೂ ತಟ್ಟೆ ಹೋಗುತ್ತದೆ, ಅವರ ಮನೆಯಿಂದಲೂ ಬರುತ್ತದೆ. ನನ್ನನ್ನು ಎತ್ತಿ ಆಡಿಸಿದವರು ಅವರು. ಅವರಿಗೂ ಸಕ್ಕರೆಕಾವಲಿ ಇದೆ, ಶನಿವಾರ ಒಪ್ಪೊತ್ತು ಇರುತ್ತಾರೆ. ಹೋದ ಶುಕ್ರವಾರ ಸಂಜೆ ನಾನು ತಟ್ಟೆ ಕೊಡಲು ಹೋದಾಗ ಅವರು ತಮ್ಮ ಕಾವಲಿಯನ್ನು ನನ್ನ ಮುಂದಿಟ್ಟು, ರೋಣದ ತಂಗಿಯ ಅಳಿಯ ರೋಜಾ ಗೆಯ್ಮೆಯ ಹೊಸ ನಕಲು ಕೊಟ್ಟಿದ್ದಾನೆ, ಹಾಕಿಕೊಡು ಎಂದರು. ನಾನು ಗೋಡೆ ನೋಡಿ ಬರುತ್ತೇನೆ ಎಂದು ಬಾಗಿಲ ಕಡೆ ತಿರುಗಿದೆ.

“ಯಾಕವ್ವಾ, ನನ್ನ ತಂಗಿ ಅಳಿಯ ಕಳ್ಳ ಅಂತ ತಿಳದಿಯೇನು? ನಮ್ಮ ಮಂದೀನ ಕೊಟ್ಟದ್ದು ಅದು. ಹಾಕು ಲಗೂನ, ಅಲ್ಲಿ ಸಾರು ಉಕ್ಕಾಕತ್ತೈತಿ.”

ನಾನು ನಕ್ಕೆ. ಹಾಕಿದೆ. ಗೋಡೆ ಅಲ್ಲಿಂದ ನಲವತ್ತು ಹೆಜ್ಜೆ. ನನಗೆ ನಾಚಿಕೆಯಾಯಿತು, ಅಷ್ಟೇ ಕಾರಣ. ತಟ್ಟೆಯ ಬಟ್ಟೆಯನ್ನು ಅವರ ಮುಂದೆಯೇ ಎತ್ತಿದ ಹಾಗೆ ಅನಿಸಿತು.

ಆ ನಕಲಿನೊಳಗೆ ಯಾರೋ ಏನೋ ಸೇರಿಸಿದ್ದರು. ಗಂಗಮ್ಮನವರ ಮೈಯ ಲೆಕ್ಕವನ್ನೆಲ್ಲ ಗಳಿಗೆಗೊಮ್ಮೆ ಎಲ್ಲಿಗೋ ಕಳಿಸುತ್ತಿತ್ತು. ಕಳಿಸುವ ಗಡಿಬಿಡಿಯಲ್ಲಿ ಕಾವಲಿ ಹಿಂದೆ ಬಿದ್ದು, ಹಳೆಯ ಅಳತೆಯನ್ನೇ ಹೊಸದೆಂದು ತಿಳಿದು ಎರಡು ಸಲ ಔಷಧಿ ಬಿಟ್ಟಿತು. ಶನಿವಾರ ಮಧ್ಯಾಹ್ನ ಅವರು ಅಡಿಗೆಮನೆಯಲ್ಲಿ ಬಿದ್ದರು. ಮಾತು ನಿನ್ನೆ ಬೆಳಿಗ್ಗೆ ಬಂತು. ಬಲಗೈ ಇನ್ನೂ ಏಳುತ್ತಿಲ್ಲ.

ಒಳಗೇನಿತ್ತು ಎಂದು ನನಗೆ ಗೊತ್ತಾದದ್ದು, ಶನಿವಾರ ಸಂಜೆ ರೋಣದ ಅಳಿಯನಿಂದ ಅದೇ ನಕಲನ್ನು ತರಿಸಿಕೊಂಡು, ಮಾಮಾ ಕಲಿಸಿದ ಹಾಗೆ ನಾನೇ ಬಿಚ್ಚಿ ನೋಡಿದಾಗ. ಅವನಿಗೆ ಇನ್ಯಾರೋ ಕೊಟ್ಟದ್ದು. ಅವರಿಗೆ ಯಾರು ಕೊಟ್ಟರೋ, ಅವನಿಗೆ ಗೊತ್ತಿಲ್ಲ. ಗಂಗಮ್ಮನವರ ಕಾವಲಿಯಲ್ಲಿ ಮಾತ್ರ ಆ ನಕಲು ತನ್ನ ಗುರುತನ್ನು ತಾನೇ ಅಳಿಸಿಕೊಂಡಿದೆ. ಇವತ್ತು ಪುರಸಭೆಯ ವಿಚಾರಣೆಯಲ್ಲಿ ಹಾಕಿದವಳು ಬಾಯಿ ಬಿಡದಿದ್ದರೆ ಅದು ಹೆಬ್ಬಾಗಿಲಿನದೇ ಎಂದು ದಾಖಲಾಗುತ್ತದೆ.

ಹೊರಗಿನದು ಎಂದು ದಾಖಲಾದರೆ ಈ ಊರಿನ ಕಿಂಡಿ ಅದೇ ಗಳಿಗೆಯಲ್ಲಿ ಮುಚ್ಚುತ್ತದೆ. ಕಾನೂನಿನಲ್ಲಿ ಹಾಗಿದೆ. ಹನ್ನೊಂದು ಕಾವಲಿಗಳೂ ಹೆಬ್ಬಾಗಿಲಿನ ಗೆಯ್ಮೆಗೆ ತಿರುಗುತ್ತವೆ, ಅಕ್ಕನದೂ ಸೇರಿ. ಅಕ್ಕ ಹಟಗಾರ್ತಿ. ಇವತ್ತೂ ರೋಜಾ ಇದ್ದಾಳೆ, ನಾಳೆಯೂ ಇರುತ್ತಾಳೆ.

ನಿನ್ನೆ ಬೆಳಿಗ್ಗೆ ಅವ್ವ ನನ್ನನ್ನು ಒಲೆಯ ಮುಂದೆ ಕೂರಿಸಿಕೊಂಡಳು. “ನಂಗ ಗೊತ್ತಿಲ್ರೀ ಅನ್ನು. ಅಷ್ಟ ಅನ್ನಾಕ ನಾಲಿಗಿ ಸವೀತೈತೇನು? ನಿಮ್ಮಕ್ಕನ ಮಾರಿ ನೋಡಿ ಅನ್ನು.”

ಅವ್ವನದು ಬಿಡಿ, ತಾಯಿ. ಆಸ್ಪತ್ರೆಗೆ ಹೋದರೆ ಗಂಗಮ್ಮನವರೂ ಅದನ್ನೇ ಹೇಳಿದರು. ಎಡಗೈಯಲ್ಲಿ ನನ್ನ ಕೈ ಹಿಡಿದು, ತೊದಲುತ್ತ, “ಹೆಬ್ಬಾಗಿಲಿಂದನ ಬಂದದ್ದು ಅಂತ ನಾನೂ ಹೇಳತೀನಿ. ದಾವಲಿದು ಒಂದು ಮದಿವಿ ಆಗೂ ಜೀವ. ನಂದೇನೈತಿ, ಎಡಗೈಲೇ ರೊಟ್ಟಿ ಬಡೀತೀನಿ” ಎಂದರು. ಅವರು ನಕ್ಕರು. ನಾನು ಹೊರಗೆ ಬಂದು ಗೋಡೆಗೆ ಹಣೆ ಹಚ್ಚಿ ನಿಂತೆ.

ಎಲ್ಲರೂ ಅಕ್ಕನನ್ನೂ ನನ್ನನ್ನೂ ಉಳಿಸಲು ಸಿದ್ಧರಿದ್ದಾರೆ. ಆದರೆ ಅದೇ ನಕಲು ರೋಣದಲ್ಲಿ, ಗದಗಿನಲ್ಲಿ, ಇನ್ನೆಷ್ಟು ಜನರ ಸೊಂಟದಲ್ಲಿದೆಯೋ. ಎಲ್ಲ ಕಾವಲಿಗಳಿಗೂ ಒಮ್ಮೆಲೇ ಎಚ್ಚರಿಕೆ ಕಳಿಸಬಲ್ಲವರು ಹೆಬ್ಬಾಗಿಲಿನವರು ಮಾತ್ರ. ಇದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ನಾನು ಬೈಯುವ ಆ ಬಾಗಿಲಿಗೆ ಇಂಥದೊಂದು ಶಕ್ತಿ ಇದೆ, ಅದು ಬೇಕು. ಇದೆಲ್ಲ ತಿಳಿದೂ ನಿನ್ನೆ ಇಡೀ ದಿನ ನಾನು ಸುಮ್ಮನಿದ್ದೆ. ವಾಚನಾಲಯದಲ್ಲಿ ನಿಮ್ಮ ಪತ್ರಿಕೆ ಓದುತ್ತ ಕೂತದ್ದು ಆ ದಿನವೇ. ರೋಣದಲ್ಲಿ ಈ ಹೊತ್ತಿಗೆ ಯಾರಾದರೂ ಬಿದ್ದಿದ್ದರೆ ಅದೂ ನನ್ನ ತಪ್ಪೇ.

ಹೀಗಾಗಿ ನಿಮ್ಮಲ್ಲಿ ನನ್ನ ಬೇಡಿಕೆ ಇದು. ಬಾಗಿಲನ್ನು ಪೂರ್ತಿ ಮುಚ್ಚಲು ಬಿಡಬೇಡಿ. ಕಂಪನಿಯ ದಾಕ್ಷಿಣ್ಯದ ಮೇಲೆ ನಿಂತ ಜೀವ ಹೇಗಿರುತ್ತದೆ ಎಂದು ನಾನು ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ ಕೂತು ನೋಡಿದ್ದೇನೆ. ಬಾಗಿಲು ತೆರೆದರೆ ಎಲ್ಲ ಒಳ್ಳೆಯದಾಗುತ್ತದೆ ಎಂದೂ ಮಕ್ಕಳಿಗೆ ಹೇಳಬೇಡಿ. ತೆರೆದ ಬಾಗಿಲಿನಿಂದ ಬಂದದ್ದನ್ನು ನಾನೇ ಕೈಯಾರೆ ಒಳಗೆ ಹಾಕಿದೆ. ಮುದ್ರೆ ನೋಡುವುದು ಯಾರಿಗೂ ಅವಮಾನವಲ್ಲ ಎಂಬ ರೂಢಿಯನ್ನು ನಿಮ್ಮ ಕಾಲದಲ್ಲೇ ಬೆಳೆಸಿ. ಕೆಟ್ಟದ್ದೊಂದು ಹೊರಗಿನಿಂದ ಬಂದರೆ ಆ ಒಂದನ್ನು ಹಿಡಿಯುವ ಕಾನೂನು ಮಾಡಿ, ಅದರ ನೆಪದಲ್ಲಿ ಎಲ್ಲರ ಬಾಗಿಲು ಮುಚ್ಚುವ ಕಾನೂನನ್ನಲ್ಲ. ನಿಜ ಹೇಳಿದವರಿಗೆ ಶಿಕ್ಷೆಯಾಗುವ ಹಾಗಿದ್ದರೆ ಯಾರೂ ನಿಜ ಹೇಳುವುದಿಲ್ಲ. ಆಗ ಕಳ್ಳನಿಗೆ ಬಾಗಿಲೇ ಬೇಕಾಗುವುದಿಲ್ಲ.

ಹತ್ತೂವರೆ ಆಯಿತು. ಅಕ್ಕನಿಗೆ ಸ್ವಲ್ಪ ಹೊತ್ತಿನ ಹಿಂದೆ ಹೇಳಿದೆ, ನಿಜವನ್ನೇ ಹೇಳುತ್ತೇನೆ ಎಂದು. ಅವಳು ಬಹಳ ಹೊತ್ತು ಹಗ್ಗದ ಗಂಟುಗಳನ್ನು ಬಿಚ್ಚಿ ಕಟ್ಟಿ ಮಾಡಿದಳು.

“ಕಂಬದ ತುದೀಗೆ ನಿಂತು ಅಂಜಿಲ್ಲ ನಾ. ನಿನ್ನ ಬಾಯಿಗೆ ಅಂಜಕಿ ಬರ್ತೈತಿ ನೋಡಲೇ” ಎಂದಳು. ಆಮೇಲೆ, “ಹೇಳು. ಆದ್ರ ಅರ್ಧ ಹೇಳಿ ಬರಬ್ಯಾಡ. ಮೂರು ವರ್ಸದ ಹಿಂದ ನಾ ಬಿದ್ದದ್ದೂ ಹೇಳು” ಎಂದಳು.

ಪುರಸಭೆಯವರು ಕಳಿಸಿದ ಕಾಗದ ನನ್ನ ಮುಂದಿದೆ. ಒಂದೇ ಪ್ರಶ್ನೆ: ಗೆಯ್ಮೆ ಒಳಗಿನದೋ, ಹೊರಗಿನದೋ? ಅದರ ಮುಂದೆ ಎರಡು ಚೌಕಗಳು. ಹೊರಗಿನದು ಎಂಬ ಚೌಕಕ್ಕೆ ಈಗಷ್ಟೇ ಗುರುತು ಹಾಕಿದೆ. ಅಕ್ಕ ಬಿದ್ದದ್ದನ್ನು ಎಲ್ಲಿ ಬರೆಯಬೇಕೆಂದು ತಿಳಿಯದೆ, ಕಾಗದ ತಿರುಗಿಸಿ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ. ಹಿಂಬದಿಯನ್ನು ಯಾರೂ ಓದುವುದಿಲ್ಲ ಎಂದು ಅವ್ವ ಹೇಳುತ್ತಿದ್ದಾಳೆ. ಇರಬಹುದು. ಜೋರಾಗಿ ಓದಿ ಹೇಳುತ್ತೇನೆ.

ನಿಮ್ಮ ಕಾಲದಲ್ಲಿ ಈ ಕಾಗದ ಇನ್ನೂ ಅಚ್ಚಾಗಿಲ್ಲ. ಅಚ್ಚು ಹಾಕುವವರು ಕೇಳಲು ಬಂದಾಗ, ಹೀಗೇಕಾಯಿತು ಎಂದು ಬರೆಯಲಿಕ್ಕೆ ಮೂರನೆಯ ಚೌಕವೊಂದನ್ನು ಇಡಿಸಿ. ನಾನು ಹೊರಟೆ, ಅಕ್ಕನೂ ಜೊತೆಗೆ ಬರುತ್ತಿದ್ದಾಳೆ.

ರಮಿಜಾ