ಗೆಡ್ಡೆಯ ಉಳಿದರ್ಧ

ಮೇಲುಗುಡ್ಡೆ, ಎರಡನೆಯ ಬರಗಾಲದ ನೂರ ಆರನೆಯ ವರ್ಷ, ಆಷಾಢದ ತೊಂಬತ್ತೊಂದನೆಯ ದಿನ

ಸುಧಾಮಣಿ,

ಈ ತಾರೀಖು ನಿನ್ನ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡ. ಮಳೆ ಬೀಳುವವರೆಗೆ ನಮ್ಮಲ್ಲಿ ಆಷಾಢ ಮುಗಿಯುವುದಿಲ್ಲ. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿದರೆ ಕ್ಷಮಿಸು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಿನ್ನ ಯಂತ್ರದಿಂದಲೇ. ನೆರಳುಶಾಲೆಯನ್ನು ಬೇಗ ಬಿಟ್ಟವಳು ನಾನು. ಬಂಡೆಯ ನೆರಳು ಇರುವಷ್ಟು ಹೊತ್ತು ಮಾತ್ರ ನಡೆಯುವ ಪಾಠಕ್ಕೆ ನೆರಳುಶಾಲೆ ಅನ್ನುತ್ತೇವೆ. ಆದ್ದರಿಂದ ನಯವಾಗಿ ಹೇಳಲು ಬರುವುದಿಲ್ಲ, ಈಗ ನಯಕ್ಕೆ ಹೊತ್ತೂ ಇಲ್ಲ. ನನ್ನ ಹೆಸರು ದುಂಡಮ್ಮ. ನೀನು ಸತ್ತು ಏಳೆಂಟು ತಲೆಮಾರು ಕಳೆದ ಮೇಲೆ ಹುಟ್ಟಿದವಳು. ಇದು ಜಾಹೀರಾತಲ್ಲ. ಮೂಲೆಯ ಇಂಟು ಗುರುತನ್ನು ಒತ್ತಬೇಡ.

ನಿನ್ನ ಹಳೆಯ ಲ್ಯಾಪ್‌ಟಾಪು ನಮ್ಮ ಹತ್ತಿರ ಇದೆ. ಕೈಯಿಂದ ಕೈಗೆ ಬಂದು ಈ ಗುಡ್ಡ ಹತ್ತಿದೆ. ಮುಚ್ಚಳದ ಕೀಲು ಮುರಿದಿದೆ, ನಾರಿನಲ್ಲಿ ಕಟ್ಟಿದ್ದೇವೆ. ಬಿಸಿಲುತಟ್ಟೆಗೆ, ಅಂದರೆ ಬಿಸಿಲನ್ನು ಹೀರಿ ಯಂತ್ರಕ್ಕೆ ಉಣಿಸುವ ಹಲಗೆಗೆ, ಸಿಕ್ಕಿಸಿ ತೆರೆದರೆ ಮೊದಲು ನಿನ್ನ ಹೆಸರು ಬರುತ್ತದೆ. ನಮ್ಮ ಮಕ್ಕಳು ಅದನ್ನು ದೇವರ ಹೆಸರು ಅಂದುಕೊಂಡಿದ್ದರು, ನಾನು ಬೈದು ಬಿಡಿಸಿದ್ದೇನೆ. ಟೀವಿಯಲ್ಲಿ ತಪ್ಪಿಹೋದದ್ದನ್ನೆಲ್ಲ ನೀನು ಆಮೇಲೆ ಇದರಲ್ಲಿ ನೋಡುತ್ತಿದ್ದೆ. ನೀನು ನೋಡಿದಷ್ಟು ಮಾತ್ರ ಇದರ ಹೊಟ್ಟೆಯಲ್ಲಿ ಉಳಿದಿದೆ. ನೋಡದೆ ಬಿಟ್ಟದ್ದು ದೂರದ ಯಾವುದೋ ಉಗ್ರಾಣದಲ್ಲಿ ಇತ್ತಂತೆ. ಆ ಉಗ್ರಾಣ ನನ್ನ ಅಜ್ಜಿಯ ಅಜ್ಜಿಯ ಕಾಲಕ್ಕೇ ಸುಟ್ಟುಹೋಯಿತು. ನೀನೋ, ಒಂದನ್ನೂ ಪೂರ್ತಿ ನೋಡಿದವಳಲ್ಲ. ಒಂದು ಧಾರಾವಾಹಿಯಲ್ಲಿ ಹುಡುಗಿ ಮಂಟಪಕ್ಕೆ ಬಂದು ಕೂತಿದ್ದಾಳೆ, ಗಂಡು ತಾಳಿ ಎತ್ತಿದ್ದಾನೆ, ನೀನು ನಿಲ್ಲಿಸಿ ಎದ್ದಿದ್ದೀಯ. ಆ ಮದುವೆ ಆಯಿತೋ ಇಲ್ಲವೋ ಅಂತ ನಮ್ಮ ಎರಡು ಕೇರಿಯವರು ಈಗಲೂ ಜಗಳ ಆಡುತ್ತಾರೆ. ಅದು ಹಾಳಾಗಲಿ. ಅದಕ್ಕೆ ನಾನು ಈ ಓಲೆ ಕಳಿಸುತ್ತಿಲ್ಲ.

ನಮಗೆ ತಿನ್ನಲು ಏನೂ ಇಲ್ಲ. ರಾಗಿ ಮೂರು ವರ್ಷದಿಂದ ತೆನೆ ಕಟ್ಟಿಲ್ಲ. ಬೆಳಿಗ್ಗೆ ಎದ್ದು ಬಂಡೆಯ ಬುಡದ ಇಬ್ಬನಿಯನ್ನು ಬಟ್ಟೆಯಲ್ಲಿ ಒರೆಸಿ ಹಿಂಡುತ್ತೇವೆ, ಅದೇ ಕುಡಿಯುವ ನೀರು. ಹಗಲೆಲ್ಲ ಗವಿಯಲ್ಲಿ ಮಲಗಿ, ಬಿಸಿಲು ಇಳಿದ ಮೇಲೆ ಬೇರು ಅಗೆಯಲು ಹೋಗುತ್ತೇವೆ. ಈಗ ಬೇರೂ ಮುಗಿಯಿತು. ಉಳಿದಿರುವುದು ಒಂದೇ, ಕಾಡುಗೆಡ್ಡೆ. ಗುಡ್ಡದ ಹಿಂಬದಿಯಲ್ಲಿ ಬೇಕಾದಷ್ಟಿದೆ, ಒಂದೊಂದು ಮಗುವಿನ ತಲೆಯಷ್ಟು ದಪ್ಪ. ಆದರೆ ಅದರಲ್ಲಿ ವಿಷ.

ನಿಮ್ಮ ಕಾಲದವರು ಅದನ್ನು ತಿನ್ನುತ್ತಿದ್ದರು. ನಮಗೆ ಗೊತ್ತಾದದ್ದು ನಿನ್ನಿಂದಲೇ. ನೀನೀಗ ನೋಡುತ್ತಿರುವ ಆ ಕಾರ್ಯಕ್ರಮವಿದೆಯಲ್ಲ, ಅದರಲ್ಲಿ ಕಾಡಿನ ಮುದುಕಿಯೊಬ್ಬಳು ಕೂತು ಗೆಡ್ಡೆ ತೋರಿಸುತ್ತಾಳೆ. ಎಲೆ ಹೇಗಿರುತ್ತದೆ, ಬಳ್ಳಿ ಯಾವ ಕಡೆಗೆ ಸುತ್ತುತ್ತದೆ, ಎಲ್ಲಾ ಹೇಳುತ್ತಾಳೆ. ಸಿಪ್ಪೆ ಹೆರೆದು ತೆಳ್ಳಗೆ ಹೆಚ್ಚುತ್ತಾಳೆ. ಆಮೇಲೆ ತಲೆ ಎತ್ತಿ, "ಇಷ್ಟಕ್ಕೇ ಬೇಯ್ಸಿ ತಿಂದ್ರೆ ಕೆಟ್ರಿ ಕನ. ಈಗ ಇದ್ಕೆ..." ಅನ್ನುತ್ತಾಳೆ. ಅವಳ ಕೈ ಪಕ್ಕಕ್ಕೆ ಹೋಗುತ್ತದೆ, ಏನನ್ನೋ ಎತ್ತಿಕೊಳ್ಳಲು. ಅಲ್ಲಿಗೆ ನಿಂತಿತು. ನೀನು ನಿಲ್ಲಿಸಿದ್ದೀಯ.

ಆ ಕೈ ಎಲ್ಲಿಗೆ ಹೋಯಿತು ಅಂತ ನಾವು ನೋಡಿ ನೋಡಿ ಕಣ್ಣು ಕಳೆದುಕೊಂಡೆವು. ಯಂತ್ರ ನೋಡಿಕೊಳ್ಳುವ ಜವರಯ್ಯ ಮೊನ್ನೆಯೂ ಕೇಳಿದ, "ಇನ್ನೊಂದ್ಸಲ ಹಾಕ್ಲಾ ದುಂಡವ್ವ?"

"ಹಾಕಿದ್ರೆ ಅವಳ ಕೈ ಮುಂದ್ಕೆ ಬೆಳ್ದದಾ? ಮುಚ್ಚು ಅತ್ಲಾಗಿ," ಅಂದೆ.

ಅವನ ತಮ್ಮ ಮಾದಪ್ಪ, ಅದು ಬೂದಿಯೇ ಇರಬೇಕು ಅಂದ. ಬೂದಿ ಹಚ್ಚಿ, ತೊಳೆದು, ಬೇಯಿಸಿ ತಾನೇ ಮೊದಲು ತಿಂದ. ನಾಲಗೆ ಬಾಯಿ ತುಂಬ ಊದಿಕೊಂಡು, ನೀರು ಕೂಡ ಇಳಿಯದೆ ಸತ್ತ. ಬೂದಿ ಅಲ್ಲವೋ, ಬೂದಿಯೇ ಆಗಿದ್ದು ತೊಳೆದದ್ದು ಸಾಲದೋ, ಯಾರಿಗೆ ಗೊತ್ತು. ಆಮೇಲೆ ಯಾರೂ ಮುಟ್ಟಿಲ್ಲ.

ಈಗ ನನ್ನ ಮಗಳು ಮುಟ್ಟುತ್ತೇನೆ ಅನ್ನುತ್ತಿದ್ದಾಳೆ. ಚಿಕ್ಕತಾಯಿ ಅಂತ ಹೆಸರು, ಹೆತ್ತು ಇನ್ನೂ ತಿಂಗಳಾಗಿಲ್ಲ. ಎದೆಯಲ್ಲಿ ಹಾಲಿಲ್ಲ. ಕೂಸು ಅಳುವುದನ್ನೂ ಬಿಟ್ಟಿದೆ. ಹೆಚ್ಚಿಟ್ಟ ಗೆಡ್ಡೆಯ ಮುಂದೆ ಕೂತು ಅವಳು ಹೇಳಿದಳು, "ತಿನ್ನದಿದ್ರೂ ಸಾಯ್ತೀನಿ, ತಿಂದು ಸಾಯ್ತೀನಿ ಬುಡವ್ವ. ನಾಕು ದಿನ ಇದ್ಕೆ ಹಾಲಾದ್ರೂ ಬಂದದು."

"ವಿಷದ ಹಾಲು ಕುಡ್ಸಿಯಾ?"

"ನಿನ್ನ ತಾವು ಬ್ಯಾರೆ ಹಾಲದಾ? ಇದ್ರೆ ಕೊಡು."

ಎಲ್ಲರಿಗೂ ಬೈದು ಬಾಯಿ ಮುಚ್ಚಿಸುವವಳು ನಾನು, ಬೈಯದೆ ಅವಳ ಕೈ ಹಿಡಿದುಕೊಂಡೆ.

ಅದಕ್ಕೇ ಈ ಹಿನ್ನೋಲೆ. ಹಿಂದಿನ ಕಾಲಕ್ಕೆ ಹೋಗುವ ಓಲೆಗೆ ನಾವು ಹಾಗೆನ್ನುತ್ತೇವೆ. ಒಂದು ಬೇಸಿಗೆಯ ಬಿಸಿಲನ್ನೆಲ್ಲ ತಟ್ಟೆಯಲ್ಲಿ ಕೂಡಿಟ್ಟರೆ ಒಂದು ಓಲೆ ಹೋಗುತ್ತದೆ, ಎರಡನೆಯದು ಹೋಗುವುದಿಲ್ಲ. ಅದೂ ಕೈಯಲ್ಲಿರುವ ಯಂತ್ರಕ್ಕೇ ಹೋಗಬೇಕು, ನೋಡುವುದು ನಿಂತುಹೋದ ಗಳಿಗೆಗೇ ಹೋಗಬೇಕು. ಕೆಲವರು ಮಳೆ ಯಾವಾಗ ನಿಂತಿತು ಅಂತ ಕೇಳೋಣ ಅಂದರು, ಕೆಲವರು ನಿಮ್ಮ ಕಾಲದವರನ್ನೆಲ್ಲ ಸರಿಯಾಗಿ ಉಗಿಯೋಣ ಅಂದರು. ಉಗಿಯುವುದಕ್ಕೆ ನನಗೂ ಆಸೆಯೇ. ಆದರೆ ಉಗಿದರೆ ಹೊಟ್ಟೆ ತುಂಬುವುದಿಲ್ಲ. ನಾನು ಹೇಳುತ್ತಿದ್ದೇನೆ, ಜವರಯ್ಯ ಅಕ್ಷರ ಒತ್ತುತ್ತಿದ್ದಾನೆ.

ಈಗ ನೀನು ಏಕೆ ನಿಲ್ಲಿಸಿದೆಯೋ ನನಗೆ ತಿಳಿಯದು. ಕುಕ್ಕರು ಕೂಗಿರಬಹುದು, ಫೋನು ಬಂದಿರಬಹುದು. ಮುದುಕಿ ಗೆಡ್ಡೆ ಹೆಚ್ಚುವುದನ್ನು ನೋಡಿ ನಿನಗೆ ಬೇಜಾರೂ ಆಗಿರಬಹುದು. ಎಲ್ಲಿ ಹೋಗುತ್ತದೆ, ನಾಳೆ ನೋಡಿದರಾಯಿತು ಅಂದುಕೊಂಡಿದ್ದೀಯ. ನೀನು ನಾಳೆ ನೋಡಲಿಲ್ಲ, ಸುಧಾಮಣಿ. ಯಾವತ್ತೂ ನೋಡಲಿಲ್ಲ. ನಾನು ನಿನ್ನ ನಾಳೆಗಳ ಕೊನೆಯಲ್ಲಿ ಕೂತು ಹೇಳುತ್ತಿದ್ದೇನೆ, ನಂಬು.

ನೀನು ಬರೆದುಕೊಳ್ಳುವುದು ಬೇಡ, ಯಾರಿಗೂ ಹೇಳುವುದು ಬೇಡ. ಮನಸ್ಸಿಟ್ಟು ನೋಡುವುದೂ ಬೇಡ, ಬೇಕಾದರೆ ಮುಖ ಆ ಕಡೆ ತಿರುಗಿಸಿಕೊಂಡು ಸೊಪ್ಪು ಬಿಡಿಸು. ಅದು ಕೊನೆಯ ತನಕ ಓಡಿದರೆ ಸಾಕು. ಅಲ್ಲಿ ಓಡಿದರೆ ಯಂತ್ರದೊಳಗೆ ಇಳಿಯುತ್ತದೆ, ಇಳಿದರೆ ಇಲ್ಲಿ ನಮಗೆ ಕಾಣುತ್ತದೆ. ಅನ್ನ ಸೀದರೆ ಸೀಯಲಿ. ಬಾಗಿಲು ಬಡಿದವರು ಬಡಿಯುತ್ತಿರಲಿ.

ಒಲೆಗೆ ಸೌದೆ ಇಟ್ಟಿದ್ದೇವೆ, ಇನ್ನೂ ಹಚ್ಚಿಲ್ಲ. ಗೆಡ್ಡೆಯ ಕಡೆಗೆ ಹೋಗದ ಹಾಗೆ ಚಿಕ್ಕತಾಯಿಯ ಕೈಯನ್ನು ನಾನು ಹಿಡಿದುಕೊಂಡಿದ್ದೇನೆ. ಅವಳು ಎಳೆಯುತ್ತಿದ್ದಾಳೆ. ನನ್ನದು ಮುದುಕಿಯ ಹಿಡಿತ, ಬಹಳ ಹೊತ್ತು ನಿಲ್ಲುವುದಿಲ್ಲ.

ಕೂತುಕೋ ತಾಯಿ. ಆ ಗುಂಡಿ ಒತ್ತು.